ವ್ಯಾನ್ ಪ್ರವಾಸ, ಬೆಟ್ಟದ ಸೈಕಲ್ ಸವಾರಿ, ಒಳ್ಳೆ ಕಾಫಿ: ಚಿಕ್ಕಬಳ್ಳಾಪುರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಂದಿ, ಸ್ಕಂದಗಿರಿ, ಆವಲಬೆಟ್ಟ, ಗುಡಿಬಂಡೆ ಸುತ್ತಮುತ್ತ ವ್ಯಾನ್‌ನಲ್ಲೋ ಸೈಕಲ್‌ನಲ್ಲೋ ಅಲೆಯುವವರು ಕಾಫಿ ಬಗ್ಗೆ ಕೇಳುವ ಪ್ರಶ್ನೆಗಳು ಇವು. ಎಲ್ಲರೂ ಮೊದಲು ಕೇಳುವುದು "ಯಾವ ಮೆಷಿನ್ ತಗೊಳ್ಳಲಿ?" ಅಂತ. ಆ ಪ್ರಶ್ನೆಯನ್ನು ಬೇಕಂತಲೇ ಕೆಳಗೆ ಹಾಕಿದ್ದೇನೆ. ನಮ್ಮ ಕಡೆ ಕಾಫಿ ಕೆಡಿಸುವುದು ಹೆಚ್ಚಾಗಿ ನೀರು, ಅದಕ್ಕೇ ನೀರಿನ ಮಾತು ಮೊದಲು.

ಮನೆಯಲ್ಲಿ ಚೆನ್ನಾಗಿ ಬರುವ ಕಾಫಿ ಹೊರಗಡೆ ಮಾಡಿದಾಗ ಯಾಕೆ ಕೆಡುತ್ತದೆ?

ಪುಡಿ ಅದೇ, ಫಿಲ್ಟರ್ ಅದೇ, ಮಾಡುವ ಕೈಯೂ ಅದೇ. ಬದಲಾಗಿದ್ದು ನೀರೊಂದೇ. ಹಾಲು ಹಾಕದ ಕಾಫಿಯಲ್ಲಿ ನೂರಕ್ಕೆ 98 ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ. ಅದು ಬದಲಾದ ಮೇಲೆ ಕಾಫಿ ಬದಲಾಗದೆ ಇರುತ್ತದಾ?

ಅರ್ಕಾವತಿ, ಪಾಲಾರ್, ಪೆನ್ನಾರ್ ಎಲ್ಲಾ ನಂದಿ ಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರೇ. ಆದರೆ ವರ್ಷವಿಡೀ ಹರಿಯುವ ಒಂದು ಹೊಳೆಯೂ ಜಿಲ್ಲೆಯಲ್ಲಿ ಇಲ್ಲ. ಹಳ್ಳಿಯ ನಲ್ಲಿಯಲ್ಲಿ ಬರುವುದು ಬಹುತೇಕ ಆಳದ ಬೋರ್‌ವೆಲ್ ನೀರು. ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು, ಸುಣ್ಣದಂಶ ಜಾಸ್ತಿ. ಸೋಪಿಗೆ ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ, ಗೊತ್ತಿರುವ ಕಥೆಯೇ. ಒಳ್ಳೆ ಕಾಫಿಯಲ್ಲಿ ಹಿತವಾದ ಒಂದು ಹುಳಿ ಇರುತ್ತದೆ. ಈ ನೀರಿನ ಕ್ಷಾರ ಆ ಹುಳಿಯನ್ನು ಕೊಂದುಬಿಡುತ್ತದೆ. ಆಮೇಲೆ ನಾಲಿಗೆಗೆ ಸಿಗುವುದು ಬರೀ ಕಹಿ. ಜನ ಪುಡಿಯನ್ನು ಬೈಯುತ್ತಾರೆ.

ಹಾಗಾದರೆ ಆರ್‌ಒ ನೀರು ಹಾಕಿದರೆ ಆಯ್ತಲ್ಲ?

ಹಾಲು ಹಾಕಿ ಕುಡಿಯುವವರಿಗೆ ಹೌದು, ಆಯ್ತು. ಶುದ್ಧ ಕುಡಿಯುವ ನೀರಿನ ಘಟಕ ಈಗ ಬಹಳ ಹಳ್ಳಿಗಳಲ್ಲಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ. ಮುಂದಿನ ಊರಿನ ಘಟಕ ಕೆಟ್ಟು ನಿಂತಿರುವುದೂ ಉಂಟು, ಹಾಗಾಗಿ ಕಂಡಲ್ಲಿ ತುಂಬಿಸಿಕೊಳ್ಳುವುದೇ ಜಾಣತನ.

ಬ್ಲ್ಯಾಕ್ ಕಾಫಿ ಕುಡಿಯುವವರಿಗೆ ಮಾತ್ರ ಇನ್ನೊಂದು ತೊಂದರೆ. ಆರ್‌ಒ ಯಂತ್ರ ಕೆಟ್ಟದ್ದರ ಜೊತೆ ಒಳ್ಳೆಯ ಖನಿಜವನ್ನೂ ತೆಗೆದುಹಾಕುತ್ತದೆ. ಪುಡಿಯಿಂದ ರುಚಿ ಎಳೆಯಲು ನೀರಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಬೇಕು. ಇಲ್ಲದಿದ್ದರೆ ಕಾಫಿ ತೆಳ್ಳಗೆ, ಚೂಪು ಹುಳಿಯಾಗಿ ಬರುತ್ತದೆ. ಕಾಫಿ ಪರಿಣತರು ಹೇಳುವ ಅಳತೆ ಪ್ರಕಾರ ಲೀಟರ್ ನೀರಿನಲ್ಲಿ ಕರಗಿದ ಖನಿಜ, ಅಂದರೆ ಟಿಡಿಎಸ್, ಸುಮಾರು 150 ಮಿಲಿಗ್ರಾಂ ಇರಬೇಕು. 75ರಿಂದ 250ರವರೆಗೆ ಪರವಾಗಿಲ್ಲ. ಪೆನ್ನಿನಂತೆ ಜೇಬಿನಲ್ಲಿ ಇಟ್ಟುಕೊಳ್ಳುವ ಟಿಡಿಎಸ್ ಮೀಟರ್ ಕಡಿಮೆ ದುಡ್ಡಿಗೇ ಸಿಗುತ್ತದೆ. ದುಬಾರಿ ಕೆಟಲ್ ತಗೊಳ್ಳುವ ಮುಂಚೆ ಇದನ್ನು ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು.

ಮೀಟರ್‌ನಲ್ಲಿ 30, 40 ತೋರಿಸಿದರೆ ಆ ನೀರಿಗೆ ಸ್ವಲ್ಪ ಬೇರೆ ನೀರು ಬೆರೆಸಿ. ಚಿಕ್ಕಬಳ್ಳಾಪುರ ಪಟ್ಟಣದವರಾದರೆ ಜಕ್ಕಲಮಡಗು ಜಲಾಶಯದ ನೀರು ಬಂದ ದಿನ ಕಾಯಿಸಿ ಆರಿಸಿ ಒಂದು ಬಾಟಲಿ ಇಟ್ಟುಕೊಳ್ಳಬಹುದು. ಬೋರ್‌ವೆಲ್ ನೀರು ಮಾತ್ರ ಬೆರೆಸಲು ಹೋಗಬೇಡಿ, ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಬೋರ್‌ವೆಲ್ ನೀರನ್ನೇ ಚೆನ್ನಾಗಿ ಕುದಿಸಿದರೆ ಸರಿಹೋಗಲ್ವಾ?

ಅರ್ಧ ಸರಿಹೋಗುತ್ತದೆ. ಕುದಿಸಿದಾಗ ಗಡಸುತನದ ಒಂದು ಪಾಲು ಸುಣ್ಣವಾಗಿ ತಳಕ್ಕೆ ಕೂರುತ್ತದೆ, ರೋಗಾಣು ಸಾಯುತ್ತವೆ. ಆದರೆ ನಮ್ಮ ಸೀಮೆಯ ದೊಡ್ಡ ತಲೆನೋವು ಫ್ಲೋರೈಡ್. ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಟಿಡಿಎಸ್ ಮೀಟರ್ ಇದನ್ನು ಬೇರೆಯಾಗಿ ತೋರಿಸುವುದಿಲ್ಲ ಅನ್ನುವುದೂ ನೆನಪಿರಲಿ.

ಈಗ ಕೆರೆಗಳೆಲ್ಲಾ ತುಂಬಿವೆ. ಕೆರೆ ದಂಡೆಯಲ್ಲಿ ವ್ಯಾನ್ ನಿಲ್ಲಿಸಿದಾಗ ಆ ನೀರನ್ನೇ ಸೋಸಿ ಕುದಿಸಬಹುದಾ?

ಬೇಡ. ಖಂಡಿತ ಬೇಡ. ಕೆರೆ ತುಂಬಿರುವುದು ನೋಡಲು ಚೆನ್ನಾಗಿದೆ, ನಿಜ. ಆದರೆ ಜಿಲ್ಲೆಯ ಬಹಳಷ್ಟು ಕೆರೆಗಳಿಗೆ ನೀರು ಬರುತ್ತಿರುವುದು ಎಚ್‌.ಎನ್. ವ್ಯಾಲಿ ಯೋಜನೆಯಿಂದ. ಅಂದರೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಪಂಪ್ ಮಾಡಿ ತಂದ ನೀರು. ಅದನ್ನು ತಂದಿದ್ದು ಅಂತರ್ಜಲ ಏರಲಿ ಅಂತ, ಕುಡಿಯಲಿ ಅಂತ ಅಲ್ಲ. ಮೂರನೇ ಹಂತದ ಸಂಸ್ಕರಣೆಯೂ ಬೇಕು ಅಂತ ಈ ಭಾಗದ ನೀರಾವರಿ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಟ್ರೆಕ್ಕಿಂಗ್‌ನವರ ಸಣ್ಣ ಫಿಲ್ಟರ್ ಸ್ಟ್ರಾ ರೋಗಾಣು ತಡೆಯಬಹುದು, ನೀರಲ್ಲಿ ಕರಗಿದ್ದನ್ನು ತಡೆಯುವುದಿಲ್ಲ. ಲೋಟ ತೊಳೆಯುವುದಕ್ಕೂ ಆ ನೀರು ಬೇಡ.

ಹಾಗಾದರೆ ಎಷ್ಟು ನೀರು ಹೊರಬೇಕು?

ವ್ಯಾನ್‌ನಲ್ಲಾದರೆ ಕಾಫಿಗೆ ಅಂತಲೇ ಬೇರೆ 5 ಲೀಟರ್ ಕ್ಯಾನ್ ಇಡಿ. ಎರಡು ಜನಕ್ಕೆ ರಾತ್ರಿ ತಂಗಿ ಬರಲು ತೊಳೆಯುವುದೂ ಸೇರಿ ಸಾಕು. ಸೈಕಲ್‌ನಲ್ಲಾದರೆ ಕುಡಿಯುವ ನೀರು ಬಿಟ್ಟು ಅರ್ಧ ಲೀಟರ್. ಕುಡಿಯುವ ನೀರಿಗೆ ಎಲೆಕ್ಟ್ರೋಲೈಟ್ ಪುಡಿ ಕಲಸಿಟ್ಟು ಆಮೇಲೆ ಕಾಫಿಗೆ ನೀರಿಲ್ಲ ಅಂತ ಪೇಚಾಡುವವರು ಬಹಳ ಜನ.

ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತಂತೆ. ಅದಕ್ಕೇ ಕಾಫಿ ತೆಳ್ಳಗಾಗುತ್ತಾ?

ಬೇಗ ಅನ್ನುವುದಕ್ಕಿಂತ ಕಡಿಮೆ ಬಿಸಿಗೇ ಕುದಿಯುತ್ತದೆ. ಎತ್ತರ ಸುಮಾರು 300 ಮೀಟರ್ ಏರಿದರೆ ಕುದಿಯುವ ಬಿಸಿ 1 ಡಿಗ್ರಿ ಇಳಿಯುತ್ತದೆ ಅನ್ನುವುದು ಒಂದು ಸುಲಭ ಲೆಕ್ಕ. ಚಿಕ್ಕಬಳ್ಳಾಪುರ ಪಟ್ಟಣ ಇರುವುದು ಹೆಚ್ಚೂಕಡಿಮೆ 900 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತದೆ. ನಂದಿ ಬೆಟ್ಟದ ತುದಿ 1,478 ಮೀಟರ್, ಅಲ್ಲಿ 95 ಡಿಗ್ರಿ. ಕಾಫಿಗೆ ಬೇಕಾದ ಬಿಸಿಯೇ 90ರಿಂದ 96. ಅಂದರೆ ನಮ್ಮ ಬೆಟ್ಟಗಳು ಕಾಫಿಗೆ ಹೇಳಿ ಮಾಡಿಸಿದ ಎತ್ತರದಲ್ಲಿವೆ! ಸಮುದ್ರ ಮಟ್ಟದವರು ಬರೆದ ಪಾಠದಲ್ಲಿ "ಕುದಿ ಬಂದ ಮೇಲೆ ಒಂದು ನಿಮಿಷ ಆರಲು ಬಿಡಿ" ಅಂತ ಇರುತ್ತದೆ. ನೀವು ಬಿಡಬೇಡಿ. ಕುದಿ ಬಂದ ತಕ್ಷಣ ಸುರಿಯಿರಿ, ಮುಚ್ಚಳ ಹಾಕಿ.

ಕಾಫಿ ತೆಳ್ಳಗಾಗುವುದಕ್ಕೆ ನಿಜವಾದ ಕಾರಣ ಗಾಳಿ ಮತ್ತು ತಣ್ಣನೆಯ ಪಾತ್ರೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಸ್ಟೀಲ್ ಲೋಟ ಮಂಜುಗಡ್ಡೆ ಆಗಿರುತ್ತದೆ. ಅದಕ್ಕೆ ಬಿಸಿನೀರು ಬಿದ್ದ ಕೂಡಲೇ ಹತ್ತು ಡಿಗ್ರಿ ಕಾಣೆ. ಮೊದಲು ಒಂದು ಗುಟುಕು ಬಿಸಿನೀರು ಹಾಕಿ ಪಾತ್ರೆಯನ್ನು ಬೆಚ್ಚಗೆ ಮಾಡಿಕೊಳ್ಳಿ.

ಯಾವ ಪುಡಿ ತರಬೇಕು? ಚಿಕೋರಿ ಇರಲೋ ಬೇಡವೋ?

ಹೇಗೆ ಕುಡಿಯುತ್ತೀರಿ ಅನ್ನುವುದರ ಮೇಲಿದೆ. ಹಾಲು ಹಾಕಿ ಗಟ್ಟಿಯಾಗಿ ಬೇಕಾದರೆ 80ಕ್ಕೆ 20 ಚಿಕೋರಿ ಚೆನ್ನ. ಚಿಕೋರಿ ಅಂದರೆ ಹುರಿದ ಬೇರು, ಕೆಫೀನ್ ಇಲ್ಲ, ಬಣ್ಣ ಮತ್ತು ಮಂದ ಕೊಡುತ್ತದೆ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಅನ್ನುವುದು ಆಹಾರ ಸುರಕ್ಷತೆಯ ನಿಯಮ. ಅಂದರೆ 49ರವರೆಗೆ ಚಿಕೋರಿ ತುಂಬಿ ಮಾರಬಹುದು. ಪೊಟ್ಟಣದ ಮೇಲೆ ಬರೆದಿರುತ್ತದೆ, ಒಮ್ಮೆ ತಿರುಗಿಸಿ ಓದಿ.

ಬ್ಲ್ಯಾಕ್ ಕುಡಿಯುವವರು ಚಿಕೋರಿ ಇಲ್ಲದ ಅರೇಬಿಕಾ ತಗೊಳ್ಳಿ. ಚಿಕ್ಕಮಗಳೂರು, ಕೊಡಗು, ಹಾಸನದ ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳಿದ್ದರೆ ಅಲ್ಲೇ ಹೋಗಿ, ಪ್ರವಾಸಕ್ಕೆ ಬೇಕಾದಷ್ಟು ಮಾತ್ರ ಹಿಂದಿನ ದಿನ ಮಾಡಿಸಿಕೊಳ್ಳಿ. ಪುಡಿ ಮಾಡಿದ ಕ್ಷಣದಿಂದಲೇ ಪರಿಮಳ ಹಾರಲು ಶುರು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು, ಕಹಿಯೂ ಜಾಸ್ತಿ. ನಿದ್ದೆ ಬಿಡಿಸಲು ಅದು, ರುಚಿಗೆ ಇದು. ಕೈಯಲ್ಲಿ ತಿರುಗಿಸುವ ಗ್ರೈಂಡರ್ ಇದ್ದರೆ ಬೀಜವನ್ನೇ ತನ್ನಿ. ಬೆಳಿಗ್ಗೆ ಐದಕ್ಕೆ ಚಳಿಯಲ್ಲಿ ಗರಗರ ತಿರುಗಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ.

ಸರಿ, ಈಗ ಹೇಳಿ. ವ್ಯಾನ್‌ಗೆ ಯಾವ ಸಾಮಾನು?

ಮನೆಯ ಸ್ಟೀಲ್ ಫಿಲ್ಟರ್. ನಿಜವಾಗಿಯೂ ಅಷ್ಟೇ. ಕಾಗದ ಬೇಡ, ಕರೆಂಟ್ ಬೇಡ, ಬಿದ್ದರೆ ಒಡೆಯುವುದಿಲ್ಲ, ಕಳೆದುಹೋದರೆ ಯಾವ ಪಾತ್ರೆ ಅಂಗಡಿಯಲ್ಲಾದರೂ ಇನ್ನೊಂದು ಸಿಗುತ್ತದೆ. ನಿಧಾನ ಅನ್ನುವುದೊಂದೇ ದೂರು, ಆದರೆ ವ್ಯಾನ್‌ನಲ್ಲಿ ರಾತ್ರಿ ಇದೆಯಲ್ಲ. ಮಲಗುವ ಮುಂಚೆ ಮೇಲಿನ ಪಾತ್ರೆಗೆ 3 ದೊಡ್ಡ ಚಮಚ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಹಗುರವಾಗಿ ಸಮ ಮಾಡಿ, ಮೊದಲು ಪುಡಿ ನೆನೆಯುವಷ್ಟೇ ಕುದಿನೀರು ಸುರಿದು ಅರ್ಧ ನಿಮಿಷ ಬಿಟ್ಟು, ಆಮೇಲೆ ಉಳಿದ ನೀರನ್ನು ಬಿಲ್ಲೆಯ ಮೇಲೆ ನಿಧಾನವಾಗಿ ಸುರಿಯಿರಿ. ಒಟ್ಟು 150 ಮಿಲಿಲೀಟರ್ ಸಾಕು. ಬೆಳಿಗ್ಗೆ ಎದ್ದಾಗ ಎರಡು ಮೂರು ಲೋಟಕ್ಕಾಗುವ ಡಿಕಾಕ್ಷನ್ ತಯಾರಿರುತ್ತದೆ, ಹಾಲು ಕಾಯಿಸಿದರೆ ಆಯಿತು. ರಾತ್ರಿಯಿಡೀ ಇಟ್ಟ ಡಿಕಾಕ್ಷನ್‌ನಲ್ಲಿ ಪರಿಮಳ ಸ್ವಲ್ಪ ಕಮ್ಮಿಯೇ, ಒಪ್ಪುತ್ತೇನೆ. ಅದು ಬೇಡ ಅಂದರೆ ಎದ್ದು ಇಪ್ಪತ್ತು ನಿಮಿಷ ಕಾಯಿರಿ.

ಎರಡು ಎಚ್ಚರಿಕೆ. ವ್ಯಾನ್ ಇಳಿಜಾರಿನಲ್ಲಿ ನಿಂತಿದ್ದರೆ ನೀರು ಒಂದೇ ಪಕ್ಕದಲ್ಲಿ ಇಳಿದು ಪುಡಿಯ ಅರ್ಧ ಒಣಗಿಯೇ ಉಳಿಯುತ್ತದೆ, ಫಿಲ್ಟರ್ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಮಟ್ಟ ಮಾಡಿ. ಫಿಲ್ಟರ್ ಇಳಿಯುತ್ತಿರುವಾಗ ಗಾಡಿ ಓಡಿಸಬೇಡಿ. ಅವತಿ ಕಡೆಯ ಹಂಪುಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ.

ಡಿಕಾಕ್ಷನ್ ಇಳಿಯುವುದೇ ಇಲ್ಲ, ಮೇಲೇ ನಿಂತುಬಿಡುತ್ತದೆ. ಯಾಕೆ?

ಪುಡಿ ತೀರಾ ನುಣ್ಣಗಿದೆ, ಇಲ್ಲವೇ ಬಿಲ್ಲೆಯನ್ನು ಜಾಸ್ತಿ ಒತ್ತಿದ್ದೀರಿ, ಇಲ್ಲವೇ ತೂತುಗಳಲ್ಲಿ ಸುಣ್ಣ ಕಟ್ಟಿದೆ. ನಮ್ಮ ನೀರಿಗೆ ಮೂರನೆಯದೇ ಸಾಮಾನ್ಯ. ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ. ನಿಂಬೆರಸ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಬಿಡುತ್ತದೆ.

ಮೌಂಟನ್ ಬೈಕ್‌ನಲ್ಲಿ ಹೋಗುವವರು ಏನು ಒಯ್ಯಬೇಕು?

ತೂಕಕ್ಕೂ ಜಾಗಕ್ಕೂ ಅಜ್ಜಿಯರ ಕಾಲದ ಬಟ್ಟೆಯನ್ನು ಮೀರಿಸಿದ್ದು ಯಾವುದೂ ಇಲ್ಲ. ಬಿಳಿ ಹತ್ತಿ ಬಟ್ಟೆಯ ಒಂದು ತುಂಡು, ಒಂದು ಸಣ್ಣ ಸ್ಟೀಲ್ ಪಾತ್ರೆ, ಇಕ್ಕಳ, ಪುಡಿ ಕಟ್ಟಿದ ಪೊಟ್ಟಣ. 250 ಮಿಲಿಲೀಟರ್ ನೀರು ಕುದಿಸಿ ಒಲೆ ಆರಿಸಿ, 2 ದೊಡ್ಡ ಚಮಚ ಪುಡಿ ಹಾಕಿ ಒಮ್ಮೆ ಕಲಸಿ, ಮುಚ್ಚಿ 4 ನಿಮಿಷ ಬಿಡಿ, ಬಟ್ಟೆಯಲ್ಲಿ ಸೋಸಿ. ಪುಡಿ ಹಾಕಿದ ಮೇಲೆ ಮತ್ತೆ ಕುದಿಸಬಾರದು, ಕುದಿಸಿದರೆ ಕಷಾಯ. ಬಟ್ಟೆಯನ್ನು ಸೋಪಿನಲ್ಲಿ ತೊಳೆಯಬೇಡಿ, ಬರೀ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ. ಹೊಸ ಬಟ್ಟೆಯನ್ನು ಮೊದಲ ಸಲ ಕುದಿಸಿಬಿಡಿ, ಗಂಜಿ ಹೋಗಲಿ.

ಕಂಪನಿ ಸಾಮಾನು ಬೇಕೇ ಬೇಕು ಅನ್ನುವವರಿಗೆ ಏರೋಪ್ರೆಸ್ ಒಳ್ಳೆಯದು, ಅಂದರೆ ಪುಡಿ ನೆನೆದ ನೀರನ್ನು ಕಾಗದದ ಮೂಲಕ ಕೈಯಿಂದ ಒತ್ತಿ ಇಳಿಸುವ ಕೊಳವೆ. ಅಮೆರಿಕದ ಅಲನ್ ಆಡ್ಲರ್ ಅನ್ನುವವರು 2005ರಲ್ಲಿ ತಂದಿದ್ದು, ಪ್ಲಾಸ್ಟಿಕ್ಕಿನದು, ಒಡೆಯುವುದಿಲ್ಲ. 15 ಗ್ರಾಂ ಪುಡಿ, 200 ಮಿಲಿಲೀಟರ್ ನೀರು, ಎರಡು ನಿಮಿಷ, ನಿಧಾನಕ್ಕೆ ಒತ್ತುವುದು. ಚರಟ ಗಟ್ಟಿ ಬಿಲ್ಲೆಯಾಗಿ ಹೊರಬರುತ್ತದೆ, ತೊಳೆಯಲು ನೀರೇ ಬೇಡ. ನೀರು ಹೊತ್ತು ಹೋಗುವ ನಮಗೆ ಅದರಲ್ಲಿ ಇಷ್ಟವಾಗುವುದು ಇದೇ. ಗಾಜಿನ ಫ್ರೆಂಚ್ ಪ್ರೆಸ್ ಸೈಕಲ್ ಮೇಲೆ ಬೇಡವೇ ಬೇಡ.

ಒಲೆ, ಪಾತ್ರೆಯನ್ನು ಬೆನ್ನಿನ ಚೀಲದಲ್ಲಿ ಹಾಕಬೇಡಿ. ಬಂಡೆ ಇಳಿಯುವಾಗ ಬೆನ್ನ ಮೇಲೆ ಬಿದ್ದರೆ ಆ ಗಟ್ಟಿ ಸಾಮಾನು ನೇರ ಬೆನ್ನುಮೂಳೆಗೆ ಒತ್ತುತ್ತದೆ. ಫ್ರೇಮಿನ ಚೀಲದಲ್ಲಿರಲಿ. ಸುತ್ತ ಬಟ್ಟೆ ತುರುಕಿದರೆ ಗಡಗಡ ಸದ್ದೂ ಇರುವುದಿಲ್ಲ.

ಮೋಕಾ ಪಾಟ್ ಹೇಗೆ?

ವ್ಯಾನ್‌ನಲ್ಲಿ ಚೆನ್ನ, ಸೈಕಲ್‌ಗೆ ಭಾರ. ಕೆಳಗಿನ ನೀರು ಆವಿಯ ಒತ್ತಡಕ್ಕೆ ಪುಡಿ ದಾಟಿ ಮೇಲೇರುವ, 1933ರಿಂದ ಇಟಲಿಯವರು ಉಪಯೋಗಿಸುತ್ತಿರುವ ಪಾತ್ರೆ. ಹಾಲಿಗೆ ಬೆರೆಸಿದರೆ ನಮ್ಮ ಡಿಕಾಕ್ಷನ್‌ಗೆ ಹತ್ತಿರದ ರುಚಿ ಕೊಡುತ್ತದೆ. ಕೆಳಗೆ ಬಿಸಿನೀರನ್ನೇ ಹಾಕಿ, ವಾಲ್ವ್ ಮಟ್ಟ ದಾಟಬಾರದು. ಪುಡಿ ಒತ್ತಬೇಡಿ, ಉರಿ ಸಣ್ಣದಿರಲಿ, ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ. ಗಡಸು ನೀರಿನಿಂದ ಆ ಸಣ್ಣ ವಾಲ್ವ್ ಕಟ್ಟಿಕೊಂಡರೆ ಒಳಗಿನ ಒತ್ತಡ ಹೊರಹೋಗಲು ದಾರಿ ಇರುವುದಿಲ್ಲ. ಪ್ರತಿ ಪ್ರವಾಸಕ್ಕೂ ಮುಂಚೆ ಅದನ್ನು ನೋಡಿಯೇ ಹೊರಡಿ.

ನಂದಿ ಕಡೆಯ ಗಾಳಿಗೆ ಒಲೆ ನಿಲ್ಲುವುದೇ ಇಲ್ಲ. ಏನು ಮಾಡೋದು?

ಗಾಳಿ ಇಲ್ಲದಿದ್ದರೆ 1 ಲೀಟರ್ ನೀರು ಕುದಿಯಲು 15ರಿಂದ 20 ಗ್ರಾಂ ಗ್ಯಾಸ್ ಸಾಕು. ಗಾಳಿ ಬಿದ್ದರೆ ಅದರ ಎರಡರಷ್ಟು ಸುಟ್ಟರೂ ನೀರು ಉಗುರುಬೆಚ್ಚಗೇ ಇರುತ್ತದೆ. ದೊಡ್ಡ ಬಂಡೆಯ ಮರೆಗೆ ಹೋಗಿ, ಅಥವಾ ವ್ಯಾನಿನ ಗಾಳಿ ತಾಗದ ಪಕ್ಕಕ್ಕೆ. ಪಾತ್ರೆಗೆ ಮುಚ್ಚಳ ಹಾಕಿ.

ತಗಡಿನ ಗಾಳಿಮರೆ ಇಡುತ್ತೀರಾದರೆ ಒಂದು ಪಕ್ಕ ತೆರೆದಿರಲಿ. ಗ್ಯಾಸ್ ಡಬ್ಬಿಯ ಮೇಲೇ ಕೂರುವ ಒಲೆಯನ್ನು ಸುತ್ತಲೂ ಮುಚ್ಚಿದರೆ ಶಾಖ ಡಬ್ಬಿಗೆ ಹೊಡೆದು ಸಿಡಿಯುವ ಅಪಾಯ ಇದೆ. ಮುಟ್ಟಿ ನೋಡಿ, ಡಬ್ಬಿ ಬೆಚ್ಚಗೆ ಅನ್ನಿಸಿದರೆ ಆರಿಸಿ. ಚಳಿಗಾಲದ ಬೆಳಿಗ್ಗೆ ಇನ್ನೊಂದು ತಾಪತ್ರಯ: ಬರೀ ಬ್ಯೂಟೇನ್ ಇರುವ ಡಬ್ಬಿ ಚಳಿಗೆ ಮಂಕಾಗುತ್ತದೆ, ಏಕೆಂದರೆ ಅದು ದ್ರವದಿಂದ ಅನಿಲವಾಗಲು ಸೊನ್ನೆ ಡಿಗ್ರಿಗಿಂತ ಮೇಲಿನ ಬಿಸಿ ಬೇಕು, ಉರಿಯುತ್ತಾ ಹೋದಂತೆ ಡಬ್ಬಿ ತಾನಾಗಿಯೇ ಇನ್ನೂ ತಣ್ಣಗಾಗುತ್ತದೆ. ರಾತ್ರಿ ಕಂಬಳಿಯಲ್ಲಿ ಸುತ್ತಿಟ್ಟಿದ್ದರೆ ಸಾಕು, ನಮ್ಮ ಕಡೆಯ ಚಳಿಗೆ ಅಷ್ಟೇ ಮದ್ದು. ಬೇಸಿಗೆಯಲ್ಲಿ ಉಲ್ಟಾ. ಬಿಸಿಲಿಗೆ ನಿಲ್ಲಿಸಿದ ವ್ಯಾನಿನೊಳಗೆ ಡಬ್ಬಿ ಬಿಟ್ಟು ಬೆಟ್ಟ ಹತ್ತಲು ಹೋಗಬೇಡಿ. 50 ಡಿಗ್ರಿ ದಾಟಬಾರದು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ, ಮುಚ್ಚಿದ ಗಾಡಿ ಏಪ್ರಿಲ್‌ನಲ್ಲಿ ಅದನ್ನು ಸಲೀಸಾಗಿ ದಾಟುತ್ತದೆ.

ಚಳಿ ಅಂತ ವ್ಯಾನಿನ ಬಾಗಿಲು ಹಾಕಿಕೊಂಡು ಒಳಗೇ ಒಲೆ ಹಚ್ಚಬಹುದಾ?

ಬೇಡ. ಮುಚ್ಚಿದ ಜಾಗದಲ್ಲಿ ಒಲೆಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುವ ಅನಿಲ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಭಾರ ಆಗುತ್ತದೆ, ನಿದ್ದೆ ಬಂದಂತಾಗುತ್ತದೆ, ಸಿಗುವ ಮುನ್ಸೂಚನೆ ಅಷ್ಟೇ. ಮಳೆ ಬಂದು ಒಳಗೇ ಮಾಡಲೇಬೇಕಾದರೆ ಹಿಂದಿನ ಬಾಗಿಲು ಪೂರ್ತಿ ತೆರೆದು ಅದರ ಅಂಚಿನಲ್ಲಿ ಮಾಡಿ.

ಗ್ಯಾಸ್ ರಗಳೆಯೇ ಬೇಡ, ಗಾಡಿಯ ಚಾರ್ಜಿಂಗ್ ಸಾಕೆಟ್‌ಗೆ ಕೆಟಲ್ ಹಾಕಿದರೆ?

ಲೆಕ್ಕ ನೋಡಿ. ಅರ್ಧ ಲೀಟರ್ ನೀರು ಕುದಿಯಲು ಸುಮಾರು 45ರಿಂದ 50 ವ್ಯಾಟ್-ಅವರ್ ಬೇಕು. 12 ವೋಲ್ಟ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್, ಅಂದರೆ ಹೆಚ್ಚೆಂದರೆ 120ರಿಂದ 180 ವ್ಯಾಟ್. ಹಾಗಾಗಿ ಸಾಕೆಟ್ ಕೆಟಲ್‌ನಲ್ಲಿ ನೀರು ಕುದಿಯಲು ಹೆಚ್ಚೂಕಡಿಮೆ ಅರ್ಧ ಗಂಟೆ. ಮನೆಯ 1000 ವ್ಯಾಟ್ ಕೆಟಲನ್ನು ಇನ್ವರ್ಟರ್ ಮೂಲಕ ಹಾಕಿದರೆ ಬ್ಯಾಟರಿಯಿಂದ 80 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ದಪ್ಪ ತಂತಿ, ಬೇರೆ ಬ್ಯಾಟರಿ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಂತೂ ಬೇಡ, ಕಾಫಿ ಕುಡಿದು ಗಾಡಿ ತಳ್ಳಬೇಕಾಗುತ್ತದೆ.

ಹಾಲು ಕೆಡದಂತೆ ಹೇಗೆ ಒಯ್ಯುವುದು?

ಹೈನುಗಾರಿಕೆಯ ಜಿಲ್ಲೆಯಲ್ಲಿ ಹಾಲು ಹೊತ್ತು ತಿರುಗುವುದೇ ಒಂದು ತಮಾಷೆ. ಬೆಳಿಗ್ಗೆ ಯಾವ ಊರು ದಾಟಿದರೂ ನಂದಿನಿ ಪ್ಯಾಕೆಟ್ ಸಿಗುತ್ತದೆ. ನಸುಕಿನಲ್ಲೇ ಬೇಕು ಅನ್ನುವವರು ನಂದಿನಿಯದೇ ಗುಡ್‌ಲೈಫ್ ಹಾಲು ತಗೊಳ್ಳಿ, ಒಡೆಯುವವರೆಗೂ ಅದಕ್ಕೆ ಫ್ರಿಜ್ ಬೇಡ. ಒಡೆದ ಮೇಲೆ ಅದೂ ಮಾಮೂಲಿ ಹಾಲೇ, ಕೂಡಲೇ ಮುಗಿಸಿ.

ಹಾಲು ಬೆರೆಸಿದ ಕಾಫಿಯನ್ನು ಫ್ಲಾಸ್ಕಿನಲ್ಲಿ ತುಂಬಿ ಒಯ್ಯುವ ಅಭ್ಯಾಸ ಬಿಡಿ. ಎರಡು ಗಂಟೆಯಲ್ಲಿ ಒಂಥರಾ ವಾಸನೆ ಬರುತ್ತದೆ, ಬಿಸಿ ಇಳಿಯುತ್ತಾ ಬಂದಂತೆ ಬ್ಯಾಕ್ಟೀರಿಯಾಗೂ ಹಬ್ಬ. ಫ್ಲಾಸ್ಕಿನಲ್ಲಿ ಕುದಿನೀರು ಮಾತ್ರ, ಡಿಕಾಕ್ಷನ್ ಬೇರೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ. ಒಲೆಯೇ ಹೊರದೆ ಬೆಟ್ಟದ ಬುಡದಲ್ಲಿ ಬಿಸಿ ಕಾಫಿ ಕುಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ. ಯಾಕೆ?

ಬೆಲ್ಲದ ಹುಳಿ ಮತ್ತು ಉಪ್ಪಿನಂಶ ಕುದಿಯುವ ಹಾಲಿಗೆ ಆಗಿಬರುವುದಿಲ್ಲ. ಡಿಕಾಕ್ಷನ್‌ಗೇ ಬೆಲ್ಲ ಕರಗಿಸಿಕೊಂಡು, ಹಾಲನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸಿ. ಹಾಲಿಲ್ಲದ ಬೆಲ್ಲದ ಕಾಫಿ ಇನ್ನೂ ಚೆನ್ನ, ಸೈಕಲ್ ತುಳಿಯುವವರಿಗಂತೂ.

ಏರು ಹತ್ತುವ ಮುಂಚೆ ಕುಡಿಯಬೇಕೋ, ಹತ್ತಿದ ಮೇಲೋ?

ಕೆಫೀನ್ ಪೂರ್ತಿ ಕೆಲಸ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ನಂದಿ ಏರಿಗೆ ಅದರ ಉಪಯೋಗ ಬೇಕಿದ್ದರೆ ಬುಡ ಮುಟ್ಟುವ ಮುಂಚೆಯೇ ಕುಡಿದಿರಬೇಕು, ಅದೂ ಹಾಲಿಲ್ಲದೆ. ಹಾಲಿನ ಕಾಫಿ ಕುಡಿದು ಆ ತಿರುವುಗಳನ್ನು ಹತ್ತಿದರೆ ಮೂರನೇ ತಿರುವಿಗೇ ತೇಗು ಶುರು. ಮಜಕ್ಕೆ ಕುಡಿಯುವುದಾದರೆ ಇಳಿದ ಮೇಲೆ, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಡೆ ಒಂದು ಮರದ ನೆರಳು ನೋಡಿಕೊಂಡು. ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ದಾಟದಿರುವುದು ಆರೋಗ್ಯವಂತ ದೊಡ್ಡವರಿಗೆ ಹೇಳುವ ಮಿತಿ. ಬಿಪಿ, ಎದೆಬಡಿತದ ತೊಂದರೆ ಇರುವವರು ಡಾಕ್ಟರನ್ನು ಕೇಳಿ. ಕಾಫಿ ಕುಡಿದೆ ಅಂತ ನೀರು ಕುಡಿಯುವುದನ್ನು ಬಿಡಬೇಡಿ.

ನೆಗ್ಗಿಲು ಮುಳ್ಳಿನ ಕಾಲದಲ್ಲಿ ಈ ಟೈಮಿಂಗ್ ಎಲ್ಲಾ ತಲೆಕೆಳಗು. ಪಂಕ್ಚರ್ ಆದ ಕಡೆಯೇ ಕಾಫಿ. ಒಬ್ಬರು ಟ್ಯೂಬ್ ಬಿಚ್ಚಲಿ, ಇನ್ನೊಬ್ಬರು ಒಲೆ ಹಚ್ಚಲಿ.

ಬೇಸಿಗೆಯಲ್ಲಿ ಬಿಸಿ ಕಾಫಿ ಯಾರಿಗೆ ಬೇಕು?

ಕೋಲ್ಡ್ ಬ್ರೂ ಮಾಡಿ. ಒಂದು ಪಾಲು ತರಿ ಪುಡಿಗೆ ಎಂಟು ಪಾಲು ತೂಕದ ತಣ್ಣೀರು, ಫ್ರಿಜ್ಜಿನಲ್ಲಿ 12ರಿಂದ 16 ಗಂಟೆ, ಬಟ್ಟೆಯಲ್ಲಿ ಸೋಸಿ ಬಾಟಲಿಗೆ. ಚಿಕೋರಿ ಇಲ್ಲದ ಪುಡಿಯೇ ಆಗಬೇಕು.

ಇಷ್ಟೆಲ್ಲಾ ಯಾಕೆ? ಇನ್‌ಸ್ಟಂಟ್ ಪುಡಿ ಇದೆ, ಹಳ್ಳಿ ಹೋಟೆಲ್ ಇದೆ.

ನ್ಯಾಯವಾದ ಮಾತು. ಬರೀ ಅರ್ಧ ದಿನದ ಸವಾರಿಗೆ ಇನ್‌ಸ್ಟಂಟ್ ಸ್ಯಾಷೆ ಸಾಕು, ನಾಚಿಕೆ ಬೇಡ. ಹೋಟೆಲ್ ಅಂತೂ ಇನ್ನೂ ಒಳ್ಳೆಯದು, ಇಡ್ಲಿಯೂ ಸಿಗುತ್ತದೆ. ಕಾಫಿ ಇಷ್ಟವಾಗದಿದ್ದರೆ "ಅಣ್ಣಾ, ಬರೀ ಬಿಸಿ ಹಾಲು ಕೊಡಿ" ಅಂತ ಕೇಳಿ ನಿಮ್ಮ ಡಿಕಾಕ್ಷನ್ ಬೆರೆಸಿಕೊಳ್ಳಿ. ಹಾಲಿನ ದುಡ್ಡು ಕೊಟ್ಟು ಎರಡು ಇಡ್ಲಿ ತಿಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಲೆ ಎಲ್ಲಿ ಬೇಕಾದರೂ ಹಚ್ಚಬಹುದಾ?

ಇಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕಾನೂನಿಗೆ ವಿರುದ್ಧ. ಸ್ಕಂದಗಿರಿಯಂಥ ಕಡೆ ಅರಣ್ಯ ಇಲಾಖೆಯ ಬುಕಿಂಗ್ ಮಾಡಿಸಿದ್ದೀರಿ ಅಂದ ಮಾತ್ರಕ್ಕೆ ಒಲೆಗೂ ಅನುಮತಿ ಸಿಕ್ಕಿತು ಅಂತ ಅಲ್ಲ. ಜನವರಿ ಕಳೆದ ಮೇಲೆ ಬೆಟ್ಟದ ಹುಲ್ಲು ಪೂರ್ತಿ ಒಣಗಿರುತ್ತದೆ, ಒಂದು ಕಿಡಿ ಸಾಕು. ನೀಲಗಿರಿ ತೋಪು ನೆರಳಿಗೆ ಚೆನ್ನಾಗಿ ಕಂಡರೂ ಕೆಳಗೆ ಬಿದ್ದಿರುವುದೆಲ್ಲಾ ಎಣ್ಣೆಯಂಶದ ಒಣ ಎಲೆ, ಅಲ್ಲಿ ಒಲೆ ಬೇಡ. ಬರೀ ಬಂಡೆ ಅಥವಾ ಬರೀ ಮಣ್ಣು ಇರುವ ಜಾಗ ನೋಡಿ. ತೋಟದ ಪಕ್ಕ ಆದರೆ ಮಾಲೀಕರನ್ನು ಒಂದು ಮಾತು ಕೇಳಿ. ದ್ರಾಕ್ಷಿ ತೋಟದವರು ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ, ಅವರಿಗೂ ಒಂದು ಲೋಟ ಕೊಡಿ ಮತ್ತೆ.

ನಂದಿಯ ತುದಿಯಲ್ಲಿ ಒಲೆಯ ಮಾತು ಬಿಡಿ, ಬಿಸ್ಕತ್ ಪೊಟ್ಟಣ ತೆಗೆದರೂ ಕೋತಿಗಳ ಕಾಟ. ಹಾಲಿನ ಪ್ಯಾಕೆಟ್ ಅವಕ್ಕೆ ದೂರದಿಂದಲೇ ಕಾಣುತ್ತದೆ. ಮೇಲೆ ಹೋಗುವಾಗ ಫ್ಲಾಸ್ಕ್ ಮಾತ್ರ ಒಯ್ಯಿರಿ.

ಚರಟ ಎಲ್ಲಿ ಹಾಕುವುದು?

ಡಬ್ಬಿಯಲ್ಲಿ ಕಟ್ಟಿ ಮನೆಗೆ ತನ್ನಿ, ಗೊಬ್ಬರದ ಗುಂಡಿಗೆ ಹಾಕಿ. ಗಿಡಕ್ಕೆ ಒಳ್ಳೆಯದಲ್ವಾ ಅಂತ ಬಂಡೆಯ ಮೇಲೆ ಸುರಿದು ಬರುವುದು ಬೇಡ, ಮುಂದಿನವರು ಅಲ್ಲಿ ಕೂರಬೇಕು. ಏರೋಪ್ರೆಸ್‌ನ ಕಾಗದವೂ ವಾಪಸ್.

ಕೋಲಾರ, ತುಮಕೂರಿನ ಕಡೆ ಹೋದರೂ ಇದೇ ಲೆಕ್ಕನಾ?

ಹೆಚ್ಚೂಕಡಿಮೆ ಇದೇ. ಕೋಲಾರದ ಕೆರೆಗಳಿಗೆ ಬರುವುದು ಕೆ.ಸಿ. ವ್ಯಾಲಿ ನೀರು, ಅದೂ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರೇ. ಹಾಗಾಗಿ ಅಂತರಗಂಗೆ, ತೇರಹಳ್ಳಿ ಬೆಟ್ಟದ ಕಡೆ ಸೈಕಲ್ ಒಯ್ಯುವವರು ಊರಲ್ಲೇ ನೀರು ತುಂಬಿಸಿಕೊಳ್ಳಬೇಕು. ತುಮಕೂರು ಜಿಲ್ಲೆಯಲ್ಲಿ ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಹೆಸರುವಾಸಿ, ಅಲ್ಲಿ ಅಂತೂ ಶುದ್ಧ ನೀರಿನ ಘಟಕವೇ ಗತಿ. ದೇವರಾಯನದುರ್ಗ ಸುಮಾರು 1,200 ಮೀಟರ್, ನೀರು 96 ಡಿಗ್ರಿಗೆ ಕುದಿಯುತ್ತದೆ. ಅದು ಅರಣ್ಯ, ಒಲೆ ಹಚ್ಚುವ ಹಾಗಿಲ್ಲ, ಫ್ಲಾಸ್ಕ್ ಮತ್ತು ಡಿಕಾಕ್ಷನ್ ಡಬ್ಬಿ ಒಯ್ಯಿರಿ. ತುಮಕೂರು ಪಟ್ಟಣಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಬರುತ್ತದೆ. ನಮ್ಮ ಬೋರ್‌ವೆಲ್ ನೀರಿಗೆ ಹೋಲಿಸಿದರೆ ಕಾಫಿಗೆ ಅದು ಎಷ್ಟೋ ಮೇಲು. ಅಲ್ಲಿ ಪರಿಚಯದವರ ಮನೆ ಇದ್ದರೆ ಕಾಯಿಸಿ ಆರಿಸಿದ ನೀರು ಒಂದು ಕ್ಯಾನ್ ಕೇಳಿ ತಗೊಂಡೇ ಹೊರಡಿ.